ಒಂದೇ ಅಳತೆಯ ಎರಡು ಕೋಟು

...ಇದಲ್ಲಮ್ಮ, ಇದು ವಿಲನ್ನದು. ನೀನು ಕೂತ್ಕೋ, ಆ ಸ್ಟೂಲ್ ಮೇಲಿನ ಗಂಟು ಕೆಳಗಿಡು, ಪರವಾಗಿಲ್ಲ. ಇಲ್ಲೇ ಎಲ್ಲೋ ಇಟ್ಟಿದ್ದೆ ನಿನ್ನ ಗಂಡನ ಪ್ಯಾಂಟು ಶರಟು... ಏಳು ತಿಂಗಳಾಯ್ತಲ್ಲ, ಯಾರ್ಯಾರೋ ಮೇಲೆ ಏನೇನೋ ಹೇರಿದ್ದಾರೆ. ಆವತ್ತು ಬೆಳಿಗ್ಗೆ ಈ ಪರದೆ ಹಿಂದೇನೇ ನಿಂತು ಬಟ್ಟೆ ಬದಲಾಯಿಸ್ದ. ಶರಟು ಮಡಚಿ ನನ್ನ ಕೈಗೆ ಕೊಟ್ಟು, "ಅಣ್ಣಾ, ಸಂಜೆ ಮಗಳ ಶಾಲೆಗೆ ಹೋಗ್ಬೇಕು, ಸುಕ್ಕಾಗದ ಹಾಗೆ ಇಡಿ" ಅಂದ. ಇಟ್ಟೆ. ಸಂಜೆ ಅವನೇ ಬರ್ಲಿಲ್ಲ.

ನಾಳಿದ್ದು ಅಲ್ವಾ ಕೋರ್ಟು? ಬಾಗಿಲಲ್ಲಿ ನಿಂತು ನೀನು ಹೇಳಿದ್ದು ಅಷ್ಟೇ. "ನಾಳಿದ್ದು ಕೋರ್ಟು, ಅವರ ಬಟ್ಟೆ ಕೊಡಿ." ಆಮೇಲೆ ಬಾಯಿಗೆ ಬೀಗ ಹಾಕಿದವಳು ತೆಗೆದೇ ಇಲ್ಲ. ಕೊಡ್ತೀನಮ್ಮ, ಹುಡುಕ್ತಾ ಇದ್ದೀನಿ. ಸಿಕ್ಕ ಮೇಲೆ ಒಂದು ಇಸ್ತ್ರಿನೂ ಹಾಕಿ ಕೊಡ್ತೀನಿ. ಕೋರ್ಟಿನಲ್ಲಿ ಮೊದಲು ನೋಡೋದು ಬಟ್ಟೇನೇ. ನಾನು ನಲವತ್ತು ವರ್ಷದಿಂದ ಸಿನಿಮಾದವರಿಗೆ ಬಟ್ಟೆ ಹೊಲೀತಾ ಇದ್ದೀನಿ, ನನಗೊತ್ತು.

ಮೊದಲನೇ ಸಲ ಅವನನ್ನ ಹೇಗೆ ಕರ್ಕೊಂಡು ಹೋದ್ರು ನೋಡಿದ್ಯಲ್ಲ? ಪೇಪರಲ್ಲಿ ಬಂದಿತ್ತಲ್ಲ... ಹರಿದ ಬನಿಯನ್ನು, ಹಣೆ ತುಂಬ ರಕ್ತ. ಅದು ರಕ್ತ ಅಲ್ಲಮ್ಮ, ಬಣ್ಣ! ಕಟ್ಟಡದಿಂದ ಹಾರೋ ಸೀನಿಗೆ ಅಂತ ಮೇಕಪ್‌ನವರು ಹಚ್ಚಿದ್ದು. ಸೆಟ್ ತಪಾಸಣೆಗೆ ಬಂದ ಪೊಲೀಸರು ಶಾಟ್ ಮಧ್ಯೆ ಎಳ್ಕೊಂಡು ಹೋದ್ರು, ಮುಖ ತೊಳ್ಯೋಕೂ ಬಿಡ್ಲಿಲ್ಲ. ಫೋಟೋ ನೋಡಿದ ಯಾರಿಗಾದ್ರೂ ಏನನ್ಸುತ್ತೆ ಹೇಳು. ಇವನೇ, ನೋಡಿದ್ರೇ ಗೊತ್ತಾಗುತ್ತೆ ಅನ್ಸುತ್ತೆ. ನಮ್ಮನೇಲೂ ಹಾಗೇ ಅಂದ್ರು.

ಹೀರೋ ಫೋಟೋನೂ ಬಂತಲ್ಲ, ಮೂರು ವಾರ ಆದ್ಮೇಲೆ. ಆ ಬಟ್ಟೆ ನಂದೇ. ಅವರ ಮ್ಯಾನೇಜರು ಫೋನ್ ಮಾಡಿ, "ಪತ್ರಕರ್ತರ ಮುಂದೆ ಕೂರ್ತಾರೆ, ಏನು ಹಾಕ್ಸೋಣ?" ಅಂದ್ರು. ನಾನಂದೆ, ಹಾಲುಬಿಳಿ ಬೇಡ, ನಾಟಕ ಅನ್ಸುತ್ತೆ. ಸ್ವಲ್ಪ ಮಾಸಲು ಬಿಳಿ. ತುಂಬುತೋಳು. ಇಸ್ತ್ರಿ ಮಾಡಿ ಆಮೇಲೆ ಕೈಯಲ್ಲಿ ಒಂಚೂರು ಮುದುರಬೇಕು, ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಅನ್ನೋ ಹಾಗೆ ಕಾಣಬೇಕು. ಗಡಿಯಾರ ಬಿಚ್ಚಬೇಕು...

ಯಾಕಮ್ಮ ನಗ್ತೀಯ?

ನಗು, ನಗು. ನಗೋ ವಿಷಯಾನೇ. ಆದ್ರೆ ಕೆಲಸ ಮಾಡ್ತು ಕಣಮ್ಮ ಆ ಶರಟು! ಅವರು ಮೈಕ್ ಮುಂದೆ "ನಾನು ಕೆಟ್ಟವರ ಸಹವಾಸಕ್ಕೆ ಬಿದ್ದೆ, ನಾನೊಬ್ಬ ರೋಗಿ, ನಿಮ್ಮ ಪ್ರೀತಿ ಬೇಕು" ಅಂದಾಗ ನನ್ನ ಹೆಂಡತಿ ಟೀವಿ ಮುಂದೆ ಕೂತು ಗೊಳೋ ಅಂತ ಅತ್ಲು. "ಪಾಪ, ಎಷ್ಟು ಒತ್ತಡ ಇತ್ತೋ ಆ ಜೀವಕ್ಕೆ" ಅಂದ್ಲು. ಕೈಯಲ್ಲಿ ಟೀ ಲೋಟ. ಅದೇ ಲೋಟದ ಟೀ ಇನ್ನೂ ಆರಿರ್ಲಿಲ್ಲ, ನಿನ್ನ ಗಂಡನ ಹಳೇ ಫೋಟೋ ತೋರ್ಸಿದ್ರು. "ಇಂಥವರನ್ನ ಹೊರಗೇ ಬಿಡಬಾರ್ದು" ಅಂದ್ಲು. ನಾನು ಪಕ್ಕದಲ್ಲೇ ಕೂತಿದ್ದೆ. ನನ್ನ ಟೀ ಕುಡಿದು ಮುಗಿಸ್ದೆ.

ಬೇಜಾರು ಮಾಡ್ಕೋಬೇಡ. ಅವಳೇನು ಕೆಟ್ಟವಳಲ್ಲ. ಎಲ್ಲರೂ ಹಾಗೇ ಅಂದ್ರು.

ಏನು ವಿಚಿತ್ರ ನೋಡು. ಇಬ್ಬರ ರಕ್ತಾನೂ ಪರೀಕ್ಷೆ ಮಾಡಿದ್ರು. ಹೀರೋ ರಕ್ತದಲ್ಲಿ ಆ ಅಮಲಿನ ಪುಡಿ ಸಿಕ್ತು. ನಿನ್ನ ಗಂಡನ ರಕ್ತದಲ್ಲಿ ಸಿಕ್ಕಿದ್ದು ಬರೀ ಸೊಂಟನೋವಿನ ಮಾತ್ರೆ! ಹನ್ನೊಂದು ವರ್ಷ ಹೀರೋಗೆ ಡೂಪಾಗಿ ಮಹಡಿಯಿಂದ, ಕುದುರೆಯಿಂದ, ಓಡೋ ಬೈಕಿಂದ ಬಿದ್ದ ಸೊಂಟ, ಇನ್ನೇನು ಸಿಗುತ್ತೆ? ಸರಿ, ಆಮೇಲೇನಾಯ್ತು? ರಕ್ತದಲ್ಲಿ ಇದ್ದವರು ರೋಗಿ ಆದ್ರು. ಇಲ್ಲದವನು ಮಾರೋನಾದ. "ತಾನು ಮುಟ್ಟಲ್ಲ, ಬೇರೆಯವರಿಗೆ ಕೊಡ್ತಾನೆ, ಅದಕ್ಕೇ ಪೊಟ್ಟಣ ಜೇಬಲ್ಲಿತ್ತು" ಅಂದ್ಬಿಟ್ರು. ಅವರು ತೋಟ ಇರೋ ಆಸ್ಪತ್ರೆಗೆ ಹೋದ್ರು, ಇವನು ಜೈಲಿಗೆ ಹೋದ.

ನಾವು ಅವನನ್ನ ಸ್ಪ್ರಿಂಗು ಅಂತ ಕರೀತಿದ್ವಿ, ಗೊತ್ತಲ್ವಾ ನಿಂಗೆ? ಎಲ್ಲಿಂದ ಬಿದ್ರೂ ಪಟ್ಟಂತ ಎದ್ದು ನಿಂತ್ಕೊಳ್ತಿದ್ದ. ಎದ್ದ ತಕ್ಷಣ ನನ್ನ ಕಡೆ ತಿರುಗಿ, "ಅಣ್ಣಾ, ಕೋಟಿಗೆ ಏನೂ ಆಗಿಲ್ಲ" ಅನ್ನೋನು. ಮೈಗೆ ಏನಾಯ್ತು ಅಂತ ನಾನೂ ಕೇಳಿಲ್ಲ, ಅವನೂ ಹೇಳಿಲ್ಲ.

ಮಗು ಹೇಗಿದ್ದಾಳೆ? ಹ್ಞೂಂ... ಅದೇನೋ ಕೇಳಿದೆ. ಅವಳ ಶಾಲೆಗೇ ಹೀರೋನ ಕರೆಸಿದ್ರಂತೆ, ಮಕ್ಕಳಿಗೆ ಚಟದ ಬಗ್ಗೆ ಬುದ್ಧಿ ಹೇಳೋಕೆ? ಆವತ್ತೊಂದು ದಿನ ನಿನ್ನ ಮಗಳು ಶಾಲೆಗೆ ಬರೋದು ಬೇಡ ಅಂತ ಟೀಚರು ಹೇಳಿ ಕಳಿಸಿದ್ರಂತೆ? ...ಹೌದಾ. ನಂಗೆ ಆಮೇಲೆ ಗೊತ್ತಾಯ್ತು. ಆವತ್ತು ಅವರು ಹಾಕಿದ್ದ ನೀಲಿ ಜುಬ್ಬಾನೂ ನಾನೇ ಹೊಲಿದಿದ್ದು. ಮಕ್ಕಳ ಮುಂದೆ ನಿಲ್ತಾರೆ, ಮೆತ್ತಗಿನ ಬಣ್ಣ ಇರಲಿ ಅಂತ ನಾನೇ ಆರಿಸ್ದೆ.

ನೋಡು, ಸೂಜಿ ಚುಚ್ಕೊಂಡಿದೆ, ರಕ್ತ ಬರ್ತಿದೆ. ಗೊತ್ತೇ ಆಗ್ಲಿಲ್ಲ. ಈ ನಡುವೆ ಹೀಗೇ ಆಗ್ತಿದೆ. ಬೆರಳಿಗೆ ಏನೂ ತಿಳಿಯಲ್ಲ. ಊಟಾನೂ ಹಾಗೇ, ತಿಂದೆ ಅಂತ ಅನ್ಸುತ್ತೆ, ಏನು ತಿಂದೆ ಅಂತ ಗೊತ್ತಾಗಲ್ಲ. ವಯಸ್ಸಾಯ್ತು ಅಂತಾಳೆ ನನ್ನ ಹೆಂಡತಿ.

ಏನು ನೋಡ್ತಾ ಇದ್ದೀಯ ಅಲ್ಲಿ? ಅದು ಬೇರೆ ಸಿನಿಮಾದ್ದು. ಬಿಡು, ಅದರ ಕಾಲರ್ ಯಾಕೆ ತಿರುಗಿಸ್ತೀಯ...

ಓ. ಅವನು ಹೇಳಿದ್ನಾ ದಾರದ ವಿಷಯ?

ಹೇಳಿರ್ತಾನೆ. ಹೌದಮ್ಮ, ಅದು ನನ್ನ ಪದ್ಧತಿ. ಹೀರೋಗೊಂದು ಕೋಟು, ಡೂಪಿಗೊಂದು ಕೋಟು. ಒಂದೇ ಬಟ್ಟೆ, ಒಂದೇ ಅಳತೆ, ಹರಿದ ಜಾಗ ಕೂಡ ಒಂದೇ. ಹೊರಗಿಂದ ದೇವರಿಗೂ ಗೊತ್ತಾಗಬಾರ್ದು. ನನಗೊಬ್ಬನಿಗೆ ಗೊತ್ತಾಗ್ಲಿ ಅಂತ ಕಾಲರ್ ಒಳಗೆ ಎರಡು ಹೊಲಿಗೆ ಹಾಕ್ತೀನಿ. ಹೀರೋದಕ್ಕೆ ನೀಲಿ ದಾರ, ಡೂಪಿಂದಕ್ಕೆ ಹಳದಿ.

ಆವತ್ತು ಅವನ ಮೈಮೇಲಿದ್ದ ಕೋಟಿಗೆ... ಹಳದಿ ಇತ್ತು. ಅಲ್ವೇ ಮತ್ತೆ? ಡೂಪಿನ ಕೋಟು ಡೂಪ್ ಹಾಕ್ಕೊಂಡಿದ್ದ. ಅದರ ಒಳಜೇಬಲ್ಲಿ ಪೊಟ್ಟಣ ಸಿಕ್ತು. ಪೊಲೀಸ್ ಅಧಿಕಾರಿ ಇದು ಯಾರ ಕೋಟು ಅಂದ್ರು, ಇದ್ದದ್ದು ಇದ್ದ ಹಾಗೆ ಹೇಳ್ದೆ. ಅಷ್ಟೇ.

ಹಾಗೆ ನೋಡ್ಬೇಡ.

ಹಾಗೆ ನೋಡ್ಬೇಡಮ್ಮ ತಂಗೀ, ನೀನು ಏನಾದ್ರೂ ಕೇಳಿದ್ರೆ ಉತ್ತರ ಕೊಡ್ಬಹುದು. ಹೀಗೆ ಕಾಲರ್ ಹಿಡ್ಕೊಂಡು ಕೂತ್ರೆ ನಾನೇನು ಮಾಡ್ಲಿ?

...ಆವತ್ತು ಬೆಳಿಗ್ಗೆ ರಿಹರ್ಸಲ್ ಮಾಡ್ಬೇಕಾದ್ರೆ ಡೂಪಿನ ಕೋಟು ಕಂಬಿಗೆ ಸಿಕ್ಕಿ ಬೆನ್ನುದ್ದಕ್ಕೂ ಹರಿದುಹೋಯ್ತು. ಹೊಲಿಯೋಕೆ ಹೊತ್ತಿಲ್ಲ. ಡೈರೆಕ್ಟರು ಬಿಸಿಲು ಹೋಗುತ್ತೆ, ಬೇಗ ಬೇಗ ಅಂತ ಬಾಯಿ ಬಡ್ಕೊಳ್ತಿದ್ರು. ಹೀರೋ ಕುರ್ಚಿ ಮೇಲೆ ಅವರ ಕೋಟು ಇತ್ತು. ಅವರು ಅತ್ಲಾಗೆ ಫೋನಲ್ಲಿದ್ರು. ಅದನ್ನೇ ಎತ್ಕೊಂಡು ಬಂದು ಸ್ಪ್ರಿಂಗಿಗೆ ತೊಡಿಸ್ದೆ. ಹೀಗೆ ಎಷ್ಟೋ ಸಲ ಮಾಡಿದ್ದೀನಿ. ಆದ್ರೆ ಪ್ರತಿ ಸಲ ಜೇಬು ನೋಡ್ತೀನಿ. ಹೀರೋ ಜೇಬು ಖಾಲಿ ಮಾಡದೆ ಡೂಪಿಗೆ ಕೋಟು ಕೊಡಬಾರ್ದು, ನನಗೆ ಕೆಲಸ ಕಲಿಸಿದವರು ಹೇಳಿದ ಮೊದಲನೇ ಮಾತು ಅದು. ಆವತ್ತು ಮರೆತೆ. ನಲವತ್ತು ವರ್ಷದಲ್ಲಿ ಒಂದೇ ದಿನ.

ನೀಲಿ ದಾರ ಕಣಮ್ಮ. ನೀಲಿ.

ಆ ಕೋಟಿಗೆ ಅಲ್ಲೇ ಸೀಲ್ ಹಾಕಿದ್ರು. ಈಗಲೂ ಕೋರ್ಟಿನವರ ಹತ್ರಾನೇ ಇರುತ್ತೆ. ಯಾರೂ ಕಾಲರ್ ತಿರುಗಿಸಿ ನೋಡಿಲ್ಲ, ದಾರದ ವಿಷಯ ನಮ್ಮನ್ನ ಬಿಟ್ರೆ ಯಾರಿಗೂ ಗೊತ್ತೂ ಇಲ್ಲ, ಅವನೊಬ್ಬನೇ ಹೇಳಿದ್ರೆ ಯಾರೂ ನಂಬಲ್ಲ. ನಿಮ್ಮ ವಕೀಲರಿಗೆ ಹೇಳು. ನೀಲಿ ದಾರ ಅಂದ್ರೆ ಏನು ಅಂತ ಹೇಳೋಕೆ ನಾನೇ ಬೇಕಾದ್ರೆ, ಕರೀಲಿ. ಬರ್ತೀನಿ. ಅಲ್ಲಿಗೆ ಬಂದ್ರೆ ನನಗಿಲ್ಲಿ ಕೆಲಸ ಇರಲ್ಲ, ಇರಲಿ ಬಿಡು, ಈಗ ಅವನು ಹೊರಗೆ ಬರ್ಬೇಕು.

ನಾನೇನು ಬೇಕು ಅಂತ ಸುಳ್ಳು ಹೇಳಿದ್ದಲ್ಲ. ಮ್ಯಾನೇಜರು... ಆ ಮನುಷ್ಯ ಹೇಗೆ ಅಂತ ನಿಂಗೊತ್ತಿಲ್ಲ. ಕಣ್ಣಲ್ಲೇ ಹೆದರಿಸ್ತಾನೆ. ಹೀರೋ ಹೆಸರು ಬಂದ್ರೆ ಸಿನಿಮಾ ನಿಲ್ಲುತ್ತೆ, ಇನ್ನೂರು ಜನ ಬೀದಿಗೆ ಬೀಳ್ತಾರೆ, ನೀನೇ ಮೊದಲು ಬೀಳೋದು ಅಂದ. ನನ್ನಂಥ ದರ್ಜಿ ಕೈಲಿ ಏನು ಮಾಡೋಕಾಗುತ್ತೆ? ನೀನೇ ಹೇಳು. ನನ್ನ ಜಾಗದಲ್ಲಿ ನೀನಿದ್ದಿದ್ರೆ...

ಹ್ಞಾಂ?

ಏನೂ ಅನ್ಲಿಲ್ವಾ ನೀನು. ಏನೋ ಅಂದ ಹಾಗಾಯ್ತು.

ಬೈಯಮ್ಮ. ಬಾಯಿಗೆ ಬಂದಿದ್ದು ಬೈದುಬಿಡು. ಎದ್ದು ಒಂದೇಟು ಹೊಡಿ. ಅವನು ಅಣ್ಣ ಅಣ್ಣ ಅಂತಿದ್ದ, ಆ ಲೆಕ್ಕಕ್ಕಾದ್ರೂ ಹೊಡಿ. ಸುಮ್ನೆ ಕೂತು ನೋಡ್ತೀಯಲ್ಲ... ಅವನೂ ಹೀಗೇ ನೋಡಿದ್ದು ಆವತ್ತು, ಜೀಪ್ ಹತ್ತೋವಾಗ. ಸಿಟ್ಟಿರ್ಲಿಲ್ಲ ಮುಖದಲ್ಲಿ. ಅಣ್ಣನಿಗೆ ಏನೋ ಗೊಂದಲ ಆಗಿದೆ, ಈಗ ನೆನಪಾಗುತ್ತೆ, ಈಗ ಕೂಗಿ ಹೇಳ್ತಾನೆ ಅಂತ ಕಾಯೋ ಹಾಗಿತ್ತು.

...ಆವತ್ತು ಮ್ಯಾನೇಜರು ಅಲ್ಲಿರ್ಲಿಲ್ಲ.

ಊರಲ್ಲೇ ಇರ್ಲಿಲ್ಲ. ಎರಡು ದಿನ ಆದ್ಮೇಲೆ ಬಂದ್ರು. ಬಂದ ಮೇಲೂ ನನ್ನನ್ನ ಒಂದು ಮಾತು ಕೇಳ್ಲಿಲ್ಲ, ಹೆದರಿಸ್ಲೂ ಇಲ್ಲ. ಯಾರೂ ಹೆದರಿಸಿಲ್ಲ ಕಣಮ್ಮ. ಬೇಕಾಗಿರ್ಲೇ ಇಲ್ಲ.

ಆಗಿದ್ದು ಹೀಗೆ. ಅಧಿಕಾರಿ ಪೊಟ್ಟಣ ಮೇಲೆತ್ತಿ ತೋರಿಸಿ, "ಇದು ಯಾರ ಕೋಟು?" ಅಂದ್ರು. ನಿನ್ನ ಗಂಡ, "ಟೈಲರ್ ಅಣ್ಣನ್ನ ಕೇಳಿ ಸಾರ್, ಅವರಿಗೆ ಗೊತ್ತು" ಅಂದ. ಎಲ್ಲ ನನ್ನ ಕಡೆ ತಿರುಗಿದ್ರು. ಅಷ್ಟರಲ್ಲಿ ಹೀರೋ ಆಚೆಯಿಂದ ಬಂದ್ರು. ಮುಖ ಬಿಳಿಚಿಕೊಂಡಿತ್ತು, ಆದ್ರೂ ಬಂದ್ರು. ಜನ ಸರಿಸ್ಕೊಂಡು ಮುಂದೆ ಬಂದು, ಕೈ ಎತ್ತಿ, "ಸಾರ್... ಸಾರ್, ಆ ಕೋಟು..." ಅಂದ್ರು. ಹೇಳೋರಿದ್ರು. ಹೇಳೇಬಿಡ್ತಿದ್ರು.

ನಾನು ಮಧ್ಯೆ ಬಾಯಿ ಹಾಕ್ದೆ. "ಸ್ಪ್ರಿಂಗುದು ಸಾರ್" ಅಂದೆ.

ಜೋರಾಗಿ ಅಂದೆ. ಹೀರೋ ನನ್ನ ಮುಖಾನೇ ನೋಡ್ತಾ ಕೈ ಕೆಳಗಿಳಿಸಿದ್ರು. ಆವತ್ತಿಂದ ಅವರು ನನ್ನ ಮುಖ ನೋಡಲ್ಲ, ಅಳತೆ ತಗೊಳ್ಳೋವಾಗಲೂ ಗೋಡೆ ನೋಡ್ತಾರೆ. ಅಧಿಕಾರಿ ಇನ್ನೊಂದ್ಸಲ ಕೇಳ್ಲಿಲ್ಲ. ಅಲ್ಲಿದ್ದವರು ಯಾರೂ 'ಛೇ, ಸ್ಪ್ರಿಂಗಾ?' ಅಂತ ಕೂಡ ಅನ್ಲಿಲ್ಲ. ಹೀರೋ ಅಂದಿದ್ರೆ ಒಬ್ಬರೂ ನಂಬ್ತಿರ್ಲಿಲ್ಲ, ಎಲ್ಲರ ಎದೆ ಒಡೀತಿತ್ತು, ಊರೆಲ್ಲ ಗೋಳಾಡ್ತಿತ್ತು. ಅದೆಲ್ಲ ಒಂದು ಕ್ಷಣದಲ್ಲಿ ನನ್ನ ಕಣ್ಮುಂದೆ ಬಂತು. ಆಮೇಲೆ ಇವನ ಹೆಸರು ಬಂತು ಬಾಯಿಗೆ. ಸಲೀಸಾಗಿ ಬಂತು.

ಯಾಕೆ ಅಂತ ಕೇಳಮ್ಮ. ಒಂದ್ಸಲ ಕೇಳು.

...ಇವನ ಹೆಸರು ಹೇಳಿದ್ರೆ ಯಾರಿಗೂ ಏನೂ ಆಗಲ್ಲ ಅಂತ ಅನ್ನಿಸ್ತು ಆಗ.