ಮೊದಲಿಂದ ಹಾಡಮ್ಮ

ಒಪೊಲೆ ಊರಿನ ಸ್ಮಶಾನದ ಗೇಟಿನಲ್ಲಿ ಬ್ರೊನ್ಯಾ ಗೋರಿಯ ಮೇಲೆ ಹಚ್ಚಿಡುವ ದೀಪ ಮಾರುತ್ತಾಳೆ. ಪಕ್ಕದಲ್ಲೇ ಬಸ್ಸಿನ ಬೆಂಚು. ನಾಟಕದ ಪ್ರೊಫೆಸರ್ ವಿಲ್ಚೆಕ್‌ರನ್ನು ಮಣ್ಣು ಮಾಡಿ ಬಂದ ಅವರದೇ ತಂಡದ ಇಬ್ಬರು ಹಳೆಯ ನಟರು, ಲೂಸಿನಾ ಮತ್ತು ಜೆನೋನ್, ಅಲ್ಲಿ ಕುಳಿತರು. ಬೆಳಿಗ್ಗೆ ಬ್ರೊನ್ಯಾಳಲ್ಲೇ ಕೊಂಡಿದ್ದ ದೀಪ ಜೆನೋನನ ಕೈಯಲ್ಲಿ ಹಾಗೇ ಇತ್ತು.

"ಅಳು ಬಂತಾ, ಜೆನೋನ್?"

"ಎಲ್ಲಿಂದ ಬರ್ಬೇಕು? ಮೂವತ್ತು ವರ್ಷ ತಾಲೀಮಲ್ಲಿ 'ಇನ್ನೊಂದ್ಸಲ ಅಳು' ಅಂತ ಪ್ರೊಫೆಸರ್ ಹಿಂಡಿ ಒಣಗ್ಸಿಬಿಟ್ರಲ್ಲ. ನಿಂಗೆ?"

"ನಂಗೂ ಇಲ್ಲ."

"ಸಾವಿನ ಮನೇಲಿ ಹಾಡ್ಕೊಂಡು ಅಳೋ ಹಳ್ಳಿ ಹೆಂಗಸರನ್ನ ಟೇಪ್ ಮಾಡಿ ಪುಸ್ತಕ ಬರೆದ್ರು, ನಾಟಕ ಕಟ್ಟಿದ್ರು. ಅವರಲ್ಲಿ ಒಬ್ಬಳಾದ್ರೂ ಬಂದಿದ್ರೆ..."

"ಬಂದಿದ್ಲು ಕಣೋ, ಪೆಲಾಜ್ಯಾ ಅಜ್ಜಿ. ಒಂದು ಹಾಡಜ್ಜಿ ಅಂದೆ."

"ಏನಂದ್ಲು?"

"'ಗಂಡನ ಹೆಣದ ಮುಂದೆ ಹಾಡಿ ಅಳ್ತಿದ್ದೆ. ಟೇಪ್ ಓಡಿಲ್ಲ, ಮೊದಲಿಂದ ಹಾಡಮ್ಮ ಅಂದ್ರು ನಿಮ್ಮ ಪ್ರೊಫೆಸರ್. ಹಾಡ್ದೆ. ಅವತ್ತಿಂದ ನಂಗೆ ಅಳು ಬಂದಿಲ್ಲ' ಅಂದ್ಲು."

ಜೆನೋನ್ ಕೈಯಲ್ಲಿದ್ದ ದೀಪವನ್ನು ಬೆಂಚಿನ ಮೇಲಿಟ್ಟ.

"ಏಳು, ಬಸ್ ಬಂತು."

ಹಚ್ಚದ ದೀಪ ಬೆಂಚಿನ ಮೇಲೇ ಉಳಿಯಿತು. ಬ್ರೊನ್ಯಾ ಅದರ ಧೂಳು ಒರೆಸಿ, ಮಾರುವ ದೀಪಗಳ ಸಾಲಿಗೇ ಮತ್ತೆ ಸೇರಿಸಿದಳು.