ಮೊಳದುದ್ದ ಮ್ಯಾಲಿಂದ

ಇದು ನಿಮ್ಮಪ್ಪ ಹತ್ತನೇ ಕ್ಲಾಸಲ್ಲಿದ್ದಾಗ ನಡೆದದ್ದು, ಪೋಲಿಯೋ ಹನಿ ಹಾಕೋ ಒಂದು ಭಾನುವಾರ. ಅಲ್ಲಲ್ಲ, ಒಂಬತ್ತನೇ ಕ್ಲಾಸು. ಬುಡು, ಯಾವ್ದೋ ಒಂದು. ಆಸ್ಪತ್ರೆ ವಾರ್ಡಲ್ಲಿ ಯಾವಳೋ ಮುದುಕಿ "ಯಾವ ಜನವ್ವ ನೀನು" ಅಂತ ಜಾತಿ ಕೇಳಿ ಕೈ ಎಳ್ಕೊಂಡ್ಲು ಅಂತ ಮುಖ ಊದಿಸ್ಕೊಂಡು ಬಂದಿದ್ದೀಯಲ್ಲ ನರ್ಸಮ್ಮ, ಕೂತ್ಕೊ, ನಿಮ್ಮಜ್ಜಿ ಕತೆ ಕೇಳು. ನಾನು ಅಂಗನವಾಡಿ ಆಯಾ ಕೆಲಸಕ್ಕೆ ಸೇರಿದ ಹೊಸ್ತು. ಹಂಗಳದ ಆಸ್ಪತ್ರೆ ಕಡೆಯಿಂದ ಬಂದಿದ್ದ ಸಿಸ್ಟರಮ್ಮ ಇಸ್ಕೂಲ್ ಜಗಲಿ ಮ್ಯಾಲೆ ಟೇಬಲ್ ಹಾಕ್ಸಿ, ಐಸ್ ಡಬ್ಬ ಇಟ್ಟು, "ಪುಟ್ಟಮ್ಮ, ನಾನು ಪಕ್ಕದೂರಿಗೆ ಹೋಗ್ಬೇಕು, ಇಲ್ಲಿ ನೀನೇ ಹಾಕು. ಒಂದು ಮಗು ತಪ್ಪಿದ್ರೂ ನಿನ್ನ ಕೆಲಸ ಉಳಿಯಲ್ಲ" ಅಂದ್ಬುಟ್ಟು ಬಸ್ ಹತ್ತಿ ಹೋಯ್ತು. ನಮ್ಮ ಕೇರಿ ಮಕ್ಕಳೆಲ್ಲ ಬೆಳಿಗ್ಗೇನೇ ಬಂದ್ವು. ಮ್ಯಾಲಿನ ಬೀದಿಯೋರು? ಒಬ್ರೂ ಇಲ್ಲ. ನಾವು ಮುಟ್ಟಿದ್ರೆ ಮೈಲಿಗೆ ಅನ್ನೋರು ಅವರು. ಅವರ ಹೊಲದಲ್ಲಿ ಕಳೆ ಕೀಳುವಾಗ ನೀರು ಕೇಳಿದ್ರೆ ನಾವು ಬೊಗಸೆ ಒಡ್ಡಬೇಕು, ಅವರು ಚೊಂಬನ್ನ ಮೊಳದುದ್ದ ಮ್ಯಾಲೆ ಹಿಡಿದು ಹುಯ್ಯೋರು. ಅರ್ಧ ಬಾಯಿಗೆ, ಅರ್ಧ ಸೀರೆಗೆ. ನಗ್ಬ್ಯಾಡ ಕಣಮ್ಮಿ, ಬ್ಯಾಸ್ಗೇಲಿ ತಣ್ಣಗಿರೋದು.

ಮಧ್ಯಾಹ್ನ ಆಯ್ತು. ನನ್ನ ಕೆಲಸ ಹೋಯ್ತು ಅಂತಾನೇ ಕೂತಿದ್ದೆ. ಆಗ ಬಂದ್ಲು ನೋಡು ಮ್ಯಾಲಿನ ಬೀದಿ ರಾಜಮ್ಮ, ಕಂಕುಳಲ್ಲಿ ಕೂಸು. "ಏ ಪುಟ್ಟಿ, ಮುಟ್ಬ್ಯಾಡ ಮತ್ತೆ. ಮ್ಯಾಲಿಂದ ಬುಡು" ಅಂದ್ಲು. "ಆಗ್ಲಿ ಅವ್ವಾರೇ. ನೀವು ನಂಗೆ ನೀರು ಹುಯ್ಯಲ್ವಾ, ಹಂಗೇ ಬುಡ್ತೀನಿ" ಅಂದೆ. ಹೇಳಿದಂಗೇ ಮೊಳದುದ್ದ ಮ್ಯಾಲಿಂದ ಬುಟ್ಟೆ. ಒಂದು ಹನಿ ಕೂಸಿನ ಮೂಗಿಗೆ, ಇನ್ನೊಂದು ಅವಳ ಸೀರೆಗೆ. "ಇದು ಲೆಕ್ಕಕ್ಕಿಲ್ಲ ಅವ್ವಾರೇ, ಬಾಯೊಳಗೆ ಬೀಳ್ಬೇಕು. ಕೆನ್ನೆ ಅದುಮಿ ಹಿಡ್ಕೊಳಿ." ಅದುಮಿದ್ಲು. ಕೂಸು ಮುಖ ತಿರುಗಿಸಿ ಅವಳ ಬೆರಳು ಕಚ್ಬುಡ್ತು. "ಅಯ್ಯಯ್ಯೋ! ನೀನೇ ಹಿಡ್ಕೊಳಮ್ಮಿ ಇದನ್ನ!" ಅಂತ ಕೂಸನ್ನ ತಂದು ನನ್ನ ತೊಡೆ ಮ್ಯಾಲೆ ಹಾಕ್ಬುಟ್ಲು. ನಾನು ಬಾಯೊಳಗೆ ಎರಡು ಹನಿ ಹಾಕಿ, ಎಡಗೈ ಕಿರುಬೆರಳು ಹಿಡಿದು ಪೆನ್ನಲ್ಲಿ ಗುರುತು ಎಳೆದೆ. ಮನೇಲಿ ಅವಳ ಅತ್ತೆ ಮೈಲಿಗೆ ಕಳೀಲಿ ಅಂತ ಕೂಸಿನ ತಲೆಗೆ ನೀರು ಹುಯ್ದು, ಸೀಗೆಪುಡಿ ಹಾಕಿ ಉಜ್ಜಿದ್ಲಂತೆ. ಗುರುತು ಹೋಗ್ತದಾ? ಅದನ್ನ ಹಾಕಿದ್ದೇ ಹೋಗ್ಬಾರ್ದು ಅಂತ!

ಇತ್ತ ರಾಜಮ್ಮ ಕಚ್ಚಿಸ್ಕೊಂಡ ಬೆರಳು ತೋರಿಸ್ಕೊಂಡು ಬೀದೀಲೆಲ್ಲ "ನೀವು ಹಿಡೀಬ್ಯಾಡ್ರವ್ವ, ಅವಳ ಕೈಗೇ ಕೊಡಿ" ಅಂದ್ಲು. ಮುಟ್ಟಿಸ್ಕೊಳೋದಕ್ಕಿಂತ ಕಚ್ಚಿಸ್ಕೊಳೋದು ಕಷ್ಟ ಅನ್ನಿಸ್ತೇನೋ, ಸಂಜೆ ಒಳಗೆ ಎಲ್ರೂ ಮಕ್ಕಳನ್ನ ತಂದು ನನ್ನ ತೊಡೆ ಮ್ಯಾಲೆ ಹಾಕಿದ್ರು. ಕೆಲಸ ಉಳೀತು. ಅಲ್ಲಿಗೆ ಜಾತಿ ಹೋಯ್ತು ಅಂದ್ಕೊಂಡ್ಯಾ? ಮುಂದಿನ ಭಾನುವಾರ ಅವಳ ಹೊಲಕ್ಕೆ ಕಳೆಗೆ ಹೋದೆ, ನೀರು ಕೇಳಿದೆ. ಚೊಂಬು ಎತ್ತಿ ಹಿಡಿದೇ ಹುಯ್ದಳು. ಆದ್ರೆ ಮೊಳ ಇದ್ದದ್ದು ಗೇಣಾಗಿತ್ತು. ಅದಕ್ಕೇ ಹೇಳೋದು ಕಣಮ್ಮಿ, ನಾಳೆ ಹೋಗಿ ಆ ಮುದುಕಿ ಕೈ ಹಿಡಿದು ಇಂಜೆಕ್ಷನ್ ಚುಚ್ಚು. ಅವರು ಎಷ್ಟು ಎತ್ತರದಿಂದ ಹುಯ್ದರೂ ನಮ್ಮ ಅಳತೆ ಬದಲಾಗ್ಬಾರ್ದು. ನಮ್ಮ ಕೇರಿ ಕೂಸಿಗೂ, ರಾಜಮ್ಮನ ಕೂಸಿಗೂ ನಾನು ಬಾಯಿಗೆ ಹಾಕಿದ್ದು ಅದೇ ಎರಡು ಹನಿ.