ಹನುಮಾನ್ ಘಾಟಿನ ಮೂಲೆ ಕೊಠಡಿ

ಇದು ನಮ್ಮ ದೊಡ್ಡಮ್ಮನ ಮಗಳು ಅಂಬಕ್ಕನಿಗೆ ಕಾಶಿಯಲ್ಲಿ ಆದದ್ದು. ಕಟ್ಟುಕತೆಯಲ್ಲ.

ಎಪ್ಪತ್ನಾಲ್ಕರ ಚಳಿಗಾಲ. ಯೂನಿವರ್ಸಿಟಿ ಗೇಟಿನಲ್ಲಿ ಹುಡುಗರ ಗಲಾಟೆಯಾಗಿ ರಿಕ್ಷಾಗಳೆಲ್ಲ ಮಾಯವಾಗಿದ್ದವು. ಅಂಬಾ ಪುಸ್ತಕಗಳನ್ನು ಅವಚಿಕೊಂಡು ಅಸ್ಸಿ ಘಾಟಿನಿಂದ ಒಬ್ಬಳೇ ನಡೆದು ಬರುತ್ತಿದ್ದಳು. ಓಣಿ ತುಂಬ ಮಂಜು... ಅವಳಿಗಿದ್ದದ್ದು ದೆವ್ವದ ಭಯವಲ್ಲ, ಗಣಪತಿ ಭಟ್ಟರ ಭಯ.

ಹಾಸ್ಟೆಲಿನಲ್ಲಿ ಅವಳಿಗೆ ಸೀಟು ಸಿಕ್ಕಿರಲಿಲ್ಲ. ಕಾಶಿಯಲ್ಲೇ ಪ್ರಾಣ ಬಿಡಬೇಕೆಂದು ನಮ್ಮ ಕಡೆಯಿಂದ ಬಂದ ಅಜ್ಜಿಯರ ಛತ್ರವೊಂದು ಹನುಮಾನ್ ಘಾಟಿನಲ್ಲಿತ್ತು. ಅಲ್ಲಿ ಮೂಲೆ ಕೊಠಡಿ ಖಾಲಿಯಾಗಿ, ಯಾರದೋ ಶಿಫಾರಸಿನ ಮೇಲೆ ಅವಳಿಗೆ ದಕ್ಕಿತ್ತು. ಮೊದಲು ಯಾರಿದ್ದರು ಎಂದು ಅವಳು ಕೇಳಲಿಲ್ಲ. ಕೇಳುವ ಸ್ವಭಾವವೇ ಅಲ್ಲ. ಛತ್ರ ನೋಡಿಕೊಳ್ಳುವ ಭಟ್ಟರು, “ಇನ್ನೊಂದು ಸಲ ತಡವಾದರೆ ಗಂಟುಮೂಟೆ ಕಟ್ಟು” ಎಂದುಬಿಟ್ಟಿದ್ದರು. ಕೊಠಡಿ ಹೋದರೆ ಓದೂ ಹೋಯಿತು. ಅಪ್ಪ ಊರಿಗೆ ಕರೆಸಿಕೊಳ್ಳುವುದು ಖಂಡಿತ.

ಬಾವಿಯ ತಿರುವು. ರಾಟೆ ಕಿರ್ರ್... ಎಂದಿತು. ಅದರಲ್ಲಿ ಹಗ್ಗವಿರಲಿಲ್ಲ.

ಕಟ್ಟೆಯ ಮೇಲೆ ಒಬ್ಬ ಅಜ್ಜಿ. ತಲೆ ತುಂಬ ಸೆರಗು.

“ಛತ್ರಕ್ಕೇನೇ, ಮಗೂ?” ಪಿಸುದನಿ.

“ಹೂಂ, ಅಜ್ಜಿ.”

“ನನ್ನನ್ನೂ ಕರ್ಕೊಂಡು ಹೋಗೇ. ನಾನೊಬ್ಬಳೇ ಬಡಿದರೆ ತೆಗೆಯೋದಿಲ್ಲ.”

ಅಂಬಾಗೆ ಜೀವ ಬಂತು. ಅಜ್ಜಿ ಜೊತೆಗಿದ್ದರೆ ಬೈಗುಳ ಅರ್ಧವಾದರೂ ಕಮ್ಮಿ! ಹೊರಟಳು. ಹಿಂದೆ ಒದ್ದೆ ಸೀರೆಯಂಚು ಕಲ್ಲಿಗೆ ಬಡಿಯುವ ಸದ್ದು... ಚಪ್... ಚಪ್... ಹೆಜ್ಜೆಯ ಸಪ್ಪಳ ಮಾತ್ರ ಇಲ್ಲ.

“ಈ ಚಳೀಲಿ ಸ್ನಾನ ಮಾಡಿದ್ರಾ?”

“ಹೊಳೆ ದಾಟಿ ಬಂದೆ ಕಣೇ.”

ಛತ್ರದ ಕದ ಮುಚ್ಚಿತ್ತು. ಅಂಬಾ ತಟ್ಟಿದಳು.

“ಯಾರು?” ಒಳಗಿನಿಂದ ಭಟ್ಟರು.

“ಅಂಬಾ... ಜೊತೆಗೆ ಇಲ್ಲಿಯ ಅಜ್ಜಿ ಒಬ್ಬರು.”

“ಯಾವ ಅಜ್ಜಿ? ಎಲ್ಲರೂ ಮಲಗಿದ್ದಾರಲ್ಲ!”

“ನಂಜಮ್ಮ ಅನ್ನು...” ಕಿವಿಯ ಪಕ್ಕದಲ್ಲೇ ಬಂತು ದನಿ. ಅಂಬಾ ಹಾಗೇ ಹೇಳಿದಳು.

ಕದದ ಸರಪಳಿ ತೆಗೆಯುತ್ತಿದ್ದ ಸದ್ದು ತಟ್ಟನೆ ನಿಂತಿತು. ಕದದ ಸಂದಿಯಲ್ಲಿ ಭಟ್ಟರ ನಡುಗುವ ದನಿ:

“ತಿರುಗಿ ನೋಡಬೇಡ. ನಂಜಮ್ಮನ್ನ ಯಾರೋ ನೆಂಟ ಮದುವೆ ಊಟಕ್ಕೆ ಅಂತ ರಾಮನಗರಕ್ಕೆ ದೋಣೀಲಿ ಕರ್ಕೊಂಡು ಹೋದ. ಅಲ್ಲೇ ತೀರಿಕೊಂಡಳು. ಆಚೆ ದಡ ಕಾಶಿಯಲ್ಲ ಕಣಮ್ಮಾ, ಅಲ್ಲಿ ಸತ್ತರೆ ಮುಕ್ತಿಯಿಲ್ಲ... ನೀನಿರೋದು ಅವಳ ಕೊಠಡಿ. ಒಬ್ಬಳೇ ಬಾ. ಅವಳನ್ನ ಕರೆದೆಯೋ, ನಿನಗೂ ಇಲ್ಲಿ ಜಾಗವಿಲ್ಲ.”

ಕದ ಗೇಣಷ್ಟು ತೆರೆಯಿತು. ಹಿಂದೆ ಚಳಿಗೆ ಹಲ್ಲು ಕಟಕಟ ಎನ್ನುವ ಸದ್ದು.

“ಇಲ್ಲೇ ಸಾಯಬೇಕು ಅಂತ ಇಷ್ಟು ವರ್ಷ ಕಾದೆನಲ್ಲೇ ಮಗೂ... ಒಂದು ಊಟಕ್ಕೆ ಹೋಗಿ ಕೆಟ್ಟೆ.”

ಅಂಬಾ ಕದವನ್ನು ಪೂರ್ತಿ ತಳ್ಳಿ, ಪಕ್ಕಕ್ಕೆ ಸರಿದಳು.

“ನೀವು ಮೊದಲು ಹೋಗಿ, ಅಜ್ಜಿ.”

ಭುಜ ಸವರಿಕೊಂಡು ಏನೋ ತಣ್ಣಗೆ ದಾಟಿತು. ಅಂಗಳದಲ್ಲಿ ಚಪ್... ಚಪ್... ಮೂಲೆ ಕೊಠಡಿಯ ಬಾಗಿಲು ಮುಚ್ಚಿತು. ಟಕ್.

ಎದ್ದು ಬಂದಿದ್ದ ಗೋದಾಬಾಯಿ ಎಂಬ ಮುದುಕಿ ಅಂಬಾಳ ರಟ್ಟೆ ಹಿಡಿದಳು.

“ಬಾರೇ, ಹೊದೆಯೋಕೆ ನನ್ನ ರಜಾಯಿ ಇಬ್ಬರಿಗೆ ಸಾಕು. ಇವಳನ್ನ ಹೊರಗೆ ಹಾಕಿ ನೋಡೋ ಭಟ್ಟ, ನಾವೂ ಎಲ್ಲ ಹೊರಡ್ತೀವಿ!”

ಅಂಬಾ ಗೋದಾಬಾಯಿಯ ಕೋಣೆಯಲ್ಲೇ ಇದ್ದು ಎಂ.ಎ. ಮುಗಿಸಿದಳು.

ಆ ರಾತ್ರಿ ಕಳೆದ ಬೆಳಿಗ್ಗೆ ಮೂಲೆ ಕೊಠಡಿ ಎಷ್ಟು ನೂಕಿದರೂ ತೆರೆಯಲಿಲ್ಲ. ಬಡಗಿ ಬಂದು ಕದವನ್ನೇ ಬಿಚ್ಚಬೇಕಾಯಿತು. ಕಿಟಕಿಗೆ ಕಬ್ಬಿಣದ ಸರಳು. ಒಳಗೆ ಯಾರೂ ಇಲ್ಲ. ಅಗುಳಿ ಒಳಗಿನಿಂದ ಹಾಕಿತ್ತು. ನಂಬಿ, ಬಿಡಿ, ನಡೆದದ್ದು ಇದು... ಅಂಬಕ್ಕ ಕೈಯಿಟ್ಟು ನೋಡಿದಳಂತೆ. ಹಾಸಿಗೆ ಇನ್ನೂ ಬೆಚ್ಚಗಿತ್ತು.